ಎಲ್ಲಾ ಕಂಪ್ಯೂಟೇಷನ್ನೇನಾ? ಹುಣಸೆ ಬೀಜ, ಅಕ್ಕಿ ಮತ್ತೆ ಕಾಲು ಉದ್ದ ಮಾಡಿಸ್ಕೊಂಡ ಇರುವೆ

ಪ್ರಶ್ನೆ: ಸರ್, ನಾನು ಬಿಸಿಎ ಕೊನೇ ವರ್ಷ ಓದ್ತಿದೀನಿ. ಈಚೆಗೆ ಎಲ್ಲಿ ನೋಡಿದ್ರೂ ಪ್ರಕೃತಿ ಅಂದ್ರೆ ಕಂಪ್ಯೂಟೇಷನ್, ಮೆದುಳು ಅಂದ್ರೆ ಕಂಪ್ಯೂಟರ್, ಇರುವೆ ಸಾಲು ಅಲ್ಗಾರಿದಮ್, ಅಡುಗೆ ಮಾಡೋದೂ ಒಂದು ಪ್ರೋಗ್ರಾಮ್ ಅಂತಾರೆ. ಇದು ನಿಜಾನಾ ಇಲ್ಲಾ ಸುಮ್ನೆ ಹೋಲಿಕೆನಾ? ನಿಜ ಆದ್ರೆ ನನ್ನ ಖುಷಿ ದುಃಖ ಎಲ್ಲಾ ಬರೀ ಲೆಕ್ಕಾನಾ? ಯೋಚನೆ ಮಾಡಿದ್ರೆ ಒಂಥರಾ ಖಾಲಿ ಖಾಲಿ ಅನ್ಸತ್ತೆ. ಮನೇಲೇ ಮಾಡಿ ನೋಡೋ ಪ್ರಯೋಗ ಏನಾದ್ರೂ ಇದ್ರೆ ಅದನ್ನೂ ಹೇಳಿ.

ಉತ್ತರ: ಮೊದ್ಲು ನೇರವಾಗಿ ಹೇಳ್ಬಿಡ್ತೀನಿ. ಎಲ್ಲಾನೂ ಕಂಪ್ಯೂಟೇಷನ್, ಅಂದ್ರೆ ನಿಯಮದ ಪ್ರಕಾರ ಹೆಜ್ಜೆ ಹೆಜ್ಜೆಯಾಗಿ ನಡೆಯೋ ಲೆಕ್ಕ, ಅಲ್ಲ. ಆದ್ರೆ ಬರೀ ಹೋಲಿಕೆ ಅಂತ ತಳ್ಳಿಹಾಕೋಕೂ ಆಗಲ್ಲ, ಕೆಲವು ಕಡೆ ಅದು ಅಕ್ಷರಶಃ ನಿಜ, ಅದೂ ನಾವು ನಿರೀಕ್ಷೆನೇ ಮಾಡದ ಜಾಗದಲ್ಲಿ, ಬ್ಯಾಕ್ಟೀರಿಯಾದ ಒಳಗೆ, ಹುತ್ತದ ಮಣ್ಣಲ್ಲಿ, ಬಸ್ ಟಿಕೆಟ್ ಹಿಂಭಾಗದಲ್ಲಿ. ಎಲ್ಲಾನೂ ಕಂಪ್ಯೂಟೇಷನ್ ಅಂದ್ಬಿಟ್ರೆ ಆ ಪದಕ್ಕೆ ಕೆಲಸನೇ ಇರಲ್ಲ, ಎಲ್ಲಾ ಬಸ್ಸಿಗೂ ಮೈಸೂರು ಅಂತಾನೇ ಬೋರ್ಡ್ ಹಾಕಿದ್ರೆ ಬೋರ್ಡ್ ಇದ್ದೂ ಇಲ್ದಂಗೆ ಅಲ್ವಾ, ಹಂಗೆ. ಎಲ್ಲಿದೆ ಎಲ್ಲಿಲ್ಲ ಅಂತ ಗೆರೆ ಎಳೆಯೋದೇ ಇಲ್ಲಿ ಇರೋ ಕೆಲಸ. ನಾನು ಇಪ್ಪತ್ತು ವರ್ಷದ ಮೇಲಾಯ್ತು ಥಿಯರಿ ಆಫ್ ಕಂಪ್ಯೂಟೇಷನ್ ಪಾಠ ಮಾಡೋಕೆ ಶುರು ಮಾಡಿ, ಪ್ರತಿ ಬ್ಯಾಚಲ್ಲೂ ಒಬ್ರಾದ್ರೂ ನಿಮ್ಮ ಪ್ರಶ್ನೆ ಕೇಳೇ ಕೇಳ್ತಾರೆ, ಹಂಗಾಗಿ ನನಗೆ ಅಂತ ಎರಡು ಪರೀಕ್ಷೆ ಮಾಡ್ಕೊಂಡಿದೀನಿ, ಅದನ್ನೇ ನಿಮಗೂ ಕೊಡ್ತೀನಿ.

ಕಂಪ್ಯೂಟರ್ ಅನ್ನೋ ಪದ ಮೊದ್ಲು ಮನುಷ್ಯರಿಗೇ ಇದ್ದಿದ್ದು, ದಿನಪೂರ್ತಿ ಕೂತು ಲೆಕ್ಕ ಹಾಕೋರಿಗೆ. 1936ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ತನ್ನ ಯಂತ್ರದ ಕಲ್ಪನೆ ಕೊಟ್ಟಾಗ ಅವನ ಕಣ್ಣೆದುರು ಇದ್ದಿದ್ದೂ ಅಂಥ ಮನುಷ್ಯನೇ. ಚೌಕ ಚೌಕ ಹಾಕಿದ ಕಾಗದದ ಪಟ್ಟಿ, ಒಂದು ಸಲಕ್ಕೆ ಒಂದೇ ಚೌಕ ನೋಡೋದು, ಅಲ್ಲಿ ಏನಿದೆ, ತಾನೀಗ ಯಾವ ಹಂತದಲ್ಲಿದೀನಿ ಅನ್ನೋದರ ಮೇಲೆ ಬರೆಯೋದೋ ಅಳಿಸೋದೋ ಮಾಡಿ ಪಕ್ಕದ ಚೌಕಕ್ಕೆ ಹೋಗೋದು. ಅಷ್ಟೇ. ನಮ್ಮ ಕಡೆ ಹಿಂದಿನ ಕಾಲದಲ್ಲಿ ಲೆಕ್ಕಪತ್ರಕ್ಕೆ ಕಡತ ಅಂತ ಇರ್ತಿತ್ತು ಗೊತ್ತಲ್ಲ, ಈಗ ಆಫೀಸ್ ಫೈಲಿಗೆ ಕಡತ ಅಂತೀವಿ, ಆದ್ರೆ ಮೂಲದಲ್ಲಿ ಅದು ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಗಟ್ಟಿ ಮಾಡಿ ಮಡಿಕೆ ಮಡಿಕೆಯಾಗಿ ಮಡಿಸಿಟ್ಟ ಉದ್ದದ ಕಪ್ಪು ಪಟ್ಟಿ, ಬಳಪದಲ್ಲಿ ಬರೆಯೋದು, ಬೇಡ ಅಂದ್ರೆ ಒರೆಸಿ ಮತ್ತೆ ಬರೆಯೋದು. ಟ್ಯೂರಿಂಗ್ ಮಷೀನಿನ ಟೇಪ್, ಅಂದ್ರೆ ಆ ಕಾಗದದ ಪಟ್ಟಿ ಬಗ್ಗೆ ಹೇಳುವಾಗ ನಾನು ಬೋರ್ಡ್ ಮೇಲೆ ಕಡತದ ಚಿತ್ರಾನೇ ಬರೆಯೋದು, ಹುಡುಗ್ರಿಗೆ ಬೇಗ ಹತ್ತತ್ತೆ.

ಈಗ ಮೊದಲನೇ ಪರೀಕ್ಷೆ. ಅಳಗುಳಿಮಣೆ ಆಡಿದೀರಾ? 14 ಗುಳಿ, ಒಂದೊಂದ್ರಲ್ಲೂ ಲೆಕ್ಕ ಇಟ್ಟು ಹುಣಸೆ ಬೀಜ. ಯಾವ ಗುಳಿಯಿಂದ ಎತ್ಕೋಬೇಕು ಅನ್ನೋದು ಮಾತ್ರ ನಿಮ್ಮ ಕೈಲಿ, ಆಮೇಲೆ ಒಂದೊಂದೇ ಬೀಜ ಬಿಡ್ತಾ ಹೋಗೋದು, ಕೈ ಖಾಲಿ ಆದ್ರೆ ಮುಂದಿನ ಗುಳಿಯದ್ದು ಬಾಚ್ಕೊಳ್ಳೋದು, ಆ ಗುಳಿ ಖಾಲಿ ಇದ್ರೆ ಅದರಾಚೆ ಗುಳಿಯದ್ದು ಗೆಲ್ಲೋದು (ಊರಿಗೊಂದು ನಿಯಮ ಇದೆ, ನಮ್ಮನೇದು ಹೀಗೆ). ಈ ಬೀಜ ಬಿಡೋ ಭಾಗದಲ್ಲಿ ಯೋಚನೆ ಅನ್ನೋದೇ ಬೇಡ, ನಿಯಮ ತಾನಾಗೇ ನಡ್ಸತ್ತೆ. ಈಗ ಹುಣಸೆ ಬೀಜ ತೆಗೆದು ಕವಡೆ ಹಾಕಿ. ಆಟ ಬದಲಾಯ್ತಾ? ಇಲ್ಲ. ಕಾಗದದ ಮೇಲೆ 14 ಚೌಕ ಬರೆದು ಅಂಕಿ ಬರ್ಕೊಂಡು ಆಡಿ, ಆಗ್ಲೂ ಅದೇ ಆಟ, ಗೆದ್ದೋರು ಅವರೇ ಸೋತೋರು ಅವರೇ. ಆದ್ರೆ ಕುಕ್ಕರಲ್ಲಿ ಅಕ್ಕಿ ಬದಲು ಕವಡೆ ಹಾಕಿ ಮೂರು ವಿಶಲ್ ಕೂಗಿಸಿ ನೋಡಿ, ಅನ್ನ ಆಗಲ್ಲ. ಇಲ್ಲೇ ವ್ಯತ್ಯಾಸ ಇರೋದು. ಪದಾರ್ಥ ಬದಲಾಯಿಸಿದ್ರೂ ಕೆಲಸ ಅದೇ ಆಗಿ ಉಳಿದ್ರೆ ಅಲ್ಲಿ ಕಂಪ್ಯೂಟೇಷನ್ ಇರೋ ಸಾಧ್ಯತೆ ಇದೆ. ಪದಾರ್ಥ ಹೋದ್ರೆ ಕೆಲಸನೂ ಹೋಗತ್ತೆ ಅಂದ್ರೆ ಅದು ಬೇರೆ ಜಾತಿ. ಹೊಟ್ಟೇಲಿ ಆಗೋ ಜೀರ್ಣ ಅಕ್ಕಿ ಜಾತಿ, ನಿಮ್ಮ ಗಣಿತದ ಲೆಕ್ಕ ಹುಣಸೆ ಬೀಜದ ಜಾತಿ. ಅಡುಗೆಯಲ್ಲಿ ಎರಡೂ ಬೆರೆತಿದೆ, ಬೇಯೋದು ಅಕ್ಕಿ ಜಾತಿ, ಆದ್ರೆ ಎಷ್ಟು ಜನಕ್ಕೆ ಎಷ್ಟು ಪಾವು, ಸಾರಿಗೆ ಯಾವಾಗ ಒಗ್ಗರಣೆ, ಯಾವ ಒಲೆ ಯಾವಾಗ ಖಾಲಿ ಆಗತ್ತೆ ಅನ್ನೋ ಹೊಂದಾಣಿಕೆ ಪಕ್ಕಾ ಬೀಜದ ಜಾತಿ.

ಪುಣೆಯ ಹವಾಮಾನ ಸಂಸ್ಥೆಯಲ್ಲಿ ಪ್ರತ್ಯೂಷ್ ಅನ್ನೋ ಸೂಪರ್ ಕಂಪ್ಯೂಟರ್ 2018ರಲ್ಲಿ ಬಂತು, ಮುಂಗಾರು ಹೇಗೆ ಬರತ್ತೆ ಅಂತ ಲೆಕ್ಕ ಹಾಕೋಕೆ ಅಂತಾನೇ. ಅದರೊಳಗೆ ಎಷ್ಟು ಮಳೆ ಸುರಿದ್ರೂ ಆ ರೂಮಿನ ನೆಲ ಒದ್ದೆ ಆಗಲ್ಲ. ಮಳೆನ ಲೆಕ್ಕ ಹಾಕಬಹುದು ಅನ್ನೋದು ಒಂದು ಮಾತು, ಮಳೆನೇ ಲೆಕ್ಕ ಹಾಕ್ತಿದೆ ಅನ್ನೋದು ಇನ್ನೊಂದು ಮಾತು. ನೀವು ನೋಡಿದ ಹೆಚ್ಚಿನ ವೀಡಿಯೋಗಳು ಈ ಎರಡನ್ನ ಕಲಸಿಬಿಟ್ಟಿರತ್ವೆ, ನನಗೆ ಬೇಜಾರಾಗೋದೇ ಅದಕ್ಕೆ.

ಎರಡನೇ ಪರೀಕ್ಷೆ ನನಗೆ ಇನ್ನೂ ಮುಖ್ಯ: ಅದು ತಪ್ಪು ಮಾಡೋಕೆ ಸಾಧ್ಯನಾ? ಮೇಲಿಂದ ಕಲ್ಲು ಬಿಟ್ರೆ ಬೀಳತ್ತೆ, ಗುರುತ್ವದ ಸೂತ್ರನ ಕಲ್ಲು ಬಿಡಿಸ್ತಿದೆ ಅಂತ ಕೆಲವ್ರು ಹೇಳ್ತಾರೆ. ಹಂಗಾದ್ರೆ ಯಾವತ್ತಾದ್ರೂ ಆ ಕಲ್ಲು ಲೆಕ್ಕ ತಪ್ಪಿ ಅಡ್ಡ ಬಿದ್ದಿದ್ಯಾ? ತಪ್ಪೋಕೇ ಆಗದೇ ಇರೋದನ್ನ ಲೆಕ್ಕ ಅನ್ನೋಕೆ ನನಗೆ ಮನಸ್ಸು ಬರಲ್ಲ. ಸೋಪಿನ ನೀರಿನ ಉದಾಹರಣೆ ಇನ್ನೂ ಚೆನ್ನಾಗಿದೆ. ಎರಡು ಗಾಜಿನ ಹಲಗೆ ಮಧ್ಯೆ ನಾಲ್ಕೈದು ಕಡ್ಡಿ ನಿಲ್ಲಿಸಿ ಸೋಪಿನ ನೀರಲ್ಲಿ ಅದ್ದಿ ತೆಗೆದ್ರೆ ಆ ಕಡ್ಡಿಗಳನ್ನ ಸೇರಿಸೋ ಪೊರೆ ಆಗತ್ತೆ, ಎಲ್ಲೆಲ್ಲಿ ಮೂರು ಪೊರೆ ಕೂಡತ್ವೋ ಅಲ್ಲೆಲ್ಲಾ 120 ಡಿಗ್ರಿ ಕೋನ, ಅಷ್ಟೂ ಊರನ್ನ ಅತಿ ಕಡಿಮೆ ರಸ್ತೆಯಲ್ಲಿ ಸೇರಿಸೋ ನಕ್ಷೆ ಥರಾನೇ ಕಾಣತ್ತೆ. ಕಂಪ್ಯೂಟರಿಗೂ ಕಷ್ಟ ಆಗೋ ಲೆಕ್ಕನ ಸೋಪ್ ಕ್ಷಣದಲ್ಲಿ ಬಿಡಿಸ್ತು ಅಂತ ಹೇಳ್ಬಿಡ್ತಾರೆ. ಆದ್ರೆ ಕಡ್ಡಿ ಜಾಸ್ತಿ ಮಾಡಿ ನೋಡಿ, ಪೊರೆ ಎಲ್ಲೋ ಸುಮಾರಾದ ಒಂದು ಆಕಾರಕ್ಕೆ ಬಂದು ಅಲ್ಲೇ ನಿಂತುಬಿಡತ್ತೆ, ಅದಕ್ಕಿಂತ ಚಿಕ್ಕ ನಕ್ಷೆ ಇದ್ರೂ ಅದಕ್ಕೆ ಹೋಗಲ್ಲ. ಆಗ ತಪ್ಪಿದ್ದು ಯಾರು? ಪೊರೆ ತಪ್ಪಲಿಲ್ಲ, ಅದಕ್ಕೆ ಅತಿ ಚಿಕ್ಕ ನಕ್ಷೆ ಬೇಕು ಅಂತ ಯಾವತ್ತೂ ಇರಲಿಲ್ಲ, ಎಳೆತ ಎಲ್ಲಿ ಸಮ ಆಯ್ತೋ ಅಲ್ಲಿ ನಿಲ್ತು. ಉತ್ತರ ಬೇಕಾಗಿದ್ದು ನಮಗೆ, ತಪ್ಪಾಗಿದ್ದೂ ನಮಗೆ. ನಾವು ಅದನ್ನ ಲೆಕ್ಕಕ್ಕೆ ಬಳಸ್ಕೊಂಡಾಗ ಮಾತ್ರ ಅದು ಲೆಕ್ಕದ ಸಾಧನ, ಲೆಕ್ಕ ಮಾಡೋ ಮಣಿಕಟ್ಟಿನ (ಅಬಾಕಸ್) ಮಣಿ ಇದ್ದಂಗೆ.

ಬ್ಯಾಕ್ಟೀರಿಯಾ ಹಂಗಲ್ಲ. ನಮ್ಮ ಕರುಳಲ್ಲೇ ಇರೋ ಇ. ಕೋಲೈ, ಉದ್ದ ಒಂದು ಮಿಲಿಮೀಟರಿನ 500ನೇ ಒಂದು ಭಾಗ, ಮೆದುಳಿಲ್ಲ ನರ ಇಲ್ಲ. ಅದಕ್ಕೆ ಗೊತ್ತಿರೋದು ಎರಡೇ ಕೆಲಸ, ಸುಮಾರು ಒಂದು ಸೆಕೆಂಡ್ ನೆಟ್ಟಗೆ ಈಜೋದು, ಆಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗ ಗಿರಕಿ ಹೊಡೆದು ಯಾವುದೋ ಒಂದು ದಿಕ್ಕಿಗೆ ತಿರುಗೋದು. ಇಷ್ಟ್ರಲ್ಲೇ ಅದು ಆಹಾರ ಇರೋ ಕಡೆ ಹೋಗಿ ಸೇರತ್ತೆ. ಹೇಗಪ್ಪಾ ಅಂದ್ರೆ ಈಗ ಸಿಗ್ತಿರೋ ರುಚಿನ ಕೆಲವೇ ಸೆಕೆಂಡ್ ಹಿಂದಿನ ರುಚಿ ಜೊತೆ ಹೋಲಿಸತ್ತೆ, ಜಾಸ್ತಿ ಆಗಿದ್ರೆ ಗಿರಕಿ ಹೊಡೆಯೋದನ್ನ ಮುಂದಕ್ಕೆ ಹಾಕತ್ತೆ, ನೆಟ್ಟಗೆ ಇನ್ನೂ ಸ್ವಲ್ಪ ದೂರ ಹೋಗತ್ತೆ. ಹಿಂದಿನ ರುಚಿನ ನೆನಪಿಟ್ಕೊಳ್ಳೋಕೆ ರುಚಿ ಹಿಡಿಯೋ ಅದರ ಗ್ರಾಹಕ ಪ್ರೋಟೀನುಗಳ ಮೇಲೆ ಮೀಥೈಲ್ ಅನ್ನೋ ಸಣ್ಣ ಗುಂಪುಗಳನ್ನ ಅಂಟಿಸತ್ತೆ, ಕೀಳತ್ತೆ, ಅಂಟಿಸತ್ತೆ, ಕೀಳತ್ತೆ. ಅದೇ ಅದರ ಕಡತ. ಆ ಗುಂಪು ಅಲ್ಲಿರೋದು ಅದರ ರುಚಿಗೋ ಶಕ್ತಿಗೋ ಅಲ್ಲ, ಹೊರಗೆ ಇದ್ದ ಸಕ್ಕರೆಯ ಪರವಾಗಿ ನಿಂತಿದೆ, ಹಾಲಿನವ್ರ ಲೆಕ್ಕಕ್ಕೆ ಕ್ಯಾಲೆಂಡರಲ್ಲಿ ಹಾಕಿದ ಗೆರೆ ಹಾಲಿನ ಪರವಾಗಿ ನಿಂತಿರತ್ತಲ್ಲ ಹಂಗೆ.

ಇದು ತಪ್ಪತ್ತಾ? ತಪ್ಪತ್ತೆ. 1969ರಲ್ಲಿ ಜೂಲಿಯಸ್ ಆಡ್ಲರ್ ತೋರಿಸಿದ್ದು ಅದನ್ನೇ, ಈ ಬ್ಯಾಕ್ಟೀರಿಯಾ ತನಗೆ ಜೀರ್ಣ ಮಾಡ್ಕೊಳ್ಳೋಕೆ ಬಾರದ, ತನಗೆ ಯಾವ ಉಪಯೋಗಕ್ಕೂ ಬಾರದ ಪದಾರ್ಥದ ಕಡೆಗೂ ಈಜ್ಕೊಂಡು ಹೋಗತ್ತೆ, ಅದರ ಆಕಾರ ಮಾತ್ರ ಆಹಾರದ ಥರ ಇದ್ರೆ ಸಾಕು. ಅಂದ್ರೆ ಅದು ಎಳೆತಕ್ಕೆ ಸಿಕ್ಕಿ ಹೋಗ್ತಿರೋದಲ್ಲ, ಸುದ್ದಿ ಕೇಳಿ ಹೋಗ್ತಿರೋದು, ಸುದ್ದಿ ಸುಳ್ಳಾಗಬಹುದು. ನನ್ನ ಪ್ರಕಾರ ಪ್ರಕೃತಿಯಲ್ಲಿ ಲೆಕ್ಕ ಶುರುವಾಗೋದು ಅಲ್ಲಿ, ಜೀವ ಶುರುವಾದ ಕಡೆ, ಒಂದರ ಪರವಾಗಿ ಇನ್ನೊಂದು ನಿಲ್ಲೋಕೆ ಶುರುವಾದ ಕಡೆ.

ಇದಕ್ಕಿಂತ ಕಣ್ಣಿಗೆ ಕಟ್ಟೋ ಥರ ಇರೋದು ಸಹಾರಾದ ಮರುಭೂಮಿ ಇರುವೆ, ಈ ಪ್ರಯೋಗದ ಬಗ್ಗೆ ಪಾಠ ಮಾಡುವಾಗ ನನಗೆ ಪ್ರತಿ ಸಲನೂ ರೋಮಾಂಚನ ಆಗತ್ತೆ. ಟ್ಯುನೀಷಿಯಾದ ಉಪ್ಪಿನ ಬಯಲಲ್ಲಿ ಕ್ಯಾಟಗ್ಲಿಫಿಸ್ ಅನ್ನೋ ಇರುವೆ ಇದೆ, ಬಿಸಿಲಿಗೆ ಕಾದ ನೆಲ, ಗುರುತಿಗೆ ಗಿಡ ಇಲ್ಲ ಕಲ್ಲಿಲ್ಲ, ನಮ್ಮನೆ ಇರುವೆ ಥರ ವಾಸನೆ ಹಾದಿನೂ ಇಟ್ಕೊಳ್ಳಲ್ಲ. ಆಹಾರ ಹುಡುಕ್ತಾ ಅಡ್ಡಾದಿಡ್ಡಿ ಓಡಾಡಿ, ಸಿಕ್ಕ ತಕ್ಷಣ ನೇರ ಗೂಡಿಗೆ, ಬಾಣ ಬಿಟ್ಟಂಗೆ ವಾಪಸ್. ದಿಕ್ಕನ್ನ ಆಕಾಶದ ಬೆಳಕಿಂದ ತಿಳ್ಕೊಳ್ಳತ್ತೆ ಅಂತ ರ‍್ಯೂಡಿಗರ್ ವೆನರ್ ಎಷ್ಟೋ ವರ್ಷ ಅಲ್ಲೇ ಕೂತು ಕಂಡ್ಕೊಂಡಿದ್ರು, ಆದ್ರೆ ದೂರ ಹೇಗೆ ಅಳೆಯತ್ತೆ? 2006ರಲ್ಲಿ ವಿಟ್ಲಿಂಗರ್, ವೆನರ್ ಮತ್ತೆ ವೋಲ್ಫ್ ಒಂದು ಪ್ರಯೋಗ ಮಾಡಿದ್ರು. ಇರುವೆಗಳನ್ನ ಗೂಡಿಂದ 10 ಮೀಟರ್ ನಡೆಸಿ ಆಹಾರದ ಹತ್ರ ಹಿಡಿದು, ಕೆಲವುಕ್ಕೆ ಹಂದಿ ಕೂದಲು ಅಂಟಿಸಿ ಕಾಲು ಉದ್ದ ಮಾಡಿದ್ರು, ಇನ್ನು ಕೆಲವುಕ್ಕೆ ಕಾಲಿನ ತುದಿ ಕತ್ತರಿಸಿ ಗಿಡ್ಡ ಮಾಡಿದ್ರು (ಇದನ್ನ ಓದುವಾಗ ಮನಸ್ಸಿಗೆ ಹಿಂಸೆ ಆಗತ್ತೆ, ಆಗಬೇಕಾದ್ದೇ). ಕಾಲು ಉದ್ದ ಆದವು ಗೂಡು ಇರಬೇಕಾದ ದೂರ ದಾಟಿ 15 ಮೀಟರ್ ಹತ್ತಿರ ಹೋಗಿ ಅಲ್ಲಿ ಗೂಡು ಹುಡುಕಿದ್ವು. ಗಿಡ್ಡ ಆದವು 6 ಮೀಟರಿಗೇ ನಿಂತು ಹುಡುಕಿದ್ವು. ಅದೇ ಇರುವೆಗಳು ಆಮೇಲೆ ಹೊಸ ಕಾಲಲ್ಲೇ ಗೂಡಿಂದ ಹೊರಟು ಹೊಸ ಕಾಲಲ್ಲೇ ವಾಪಸ್ ಬಂದಾಗ ಸರಿಯಾಗೇ ಬಂದ್ವು! ಅಂದ್ರೆ ಹೆಜ್ಜೆ ಲೆಕ್ಕನೋ ಅದಕ್ಕೆ ಸಮನಾದ ಏನೋ ಒಂದು ಅದರ ತಲೆಯೊಳಗೆ ನಡೀತಿದೆ, ಆ ಲೆಕ್ಕ ಗೂಡಿನ ದೂರದ ಪರವಾಗಿ ನಿಂತಿದೆ, ಹೆಜ್ಜೆ ಉದ್ದ ಬದಲಾದ್ರೆ ಅದು ಎಷ್ಟು ತಪ್ಪತ್ತೆ ಅಂತ ನಾವು ಮೊದ್ಲೇ ಹೇಳಬಹುದು. ತಪ್ಪಿನ ಆಕಾರ ನೋಡಿ ಒಳಗಿನ ಲೆಕ್ಕ ಹಿಡಿಯೋದು, ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಬೇಕಿಲ್ಲ.

ಇನ್ನು ಲೆಕ್ಕ ಅಂದ್ರೆ ತಲೆಯೊಳಗೇ ಇರ್ಬೇಕು ಅಂತೇನಿಲ್ಲ. ಬಸ್ಸಲ್ಲಿ ಚಿಲ್ಲರೆ ಇಲ್ಲ ಅಂದ್ರೆ ಕಂಡಕ್ಟರ್ ಏನ್ ಮಾಡ್ತಾರೆ, ಟಿಕೆಟ್ ಹಿಂದೆ ಬಾಕಿ ಎಷ್ಟು ಅಂತ ಬರೆದು ಕೊಟ್ಬಿಡ್ತಾರೆ. ಐವತ್ತು ಜನರ ಬಾಕಿನ ಅವರು ತಲೇಲಿ ಹೊರಬೇಕಾಗಿಲ್ಲ, ಐವತ್ತು ಜನರ ಕೈಗೇ ಅದನ್ನ ಹಂಚಿ ಬಿಟ್ರು, ಇಳಿಯುವಾಗ ಆಯಾ ಟಿಕೆಟ್ಟೇ ಅವರ ಹತ್ರ ಬಂದು ನೆನಪಿಸತ್ತೆ. ನಮ್ಮ ಹೊಲದ ಬದುವಲ್ಲಿ ಏಳೋ ಹುತ್ತ ಇದೇ ತಂತ್ರದ್ದು. ಗೆದ್ದಲಿಗೆ ನಕ್ಷೆ ಗೊತ್ತಿಲ್ಲ, ರಾಣಿ ಆಜ್ಞೆ ಕೊಡಲ್ಲ, ಮೇಸ್ತ್ರಿ ಅಂತ ಯಾರೂ ಇಲ್ಲ. ಒಂದು ಗೆದ್ದಲು ಮಣ್ಣಿನ ಉಂಡೆ ಇಟ್ಟು ಹೋಗತ್ತೆ, ಆಗಿರೋ ಕೆಲಸನ ನೋಡಿ ಮುಂದಿನದು ಅಲ್ಲೇ ಇನ್ನೊಂದು ಇಡತ್ತೆ. ಕೆಲಸನೇ ಕೆಲಸಗಾರನಿಗೆ ಮುಂದಿನ ಹೆಜ್ಜೆ ಹೇಳತ್ತೆ ಅನ್ನೋ ಈ ಮಾತನ್ನ 1959ರಲ್ಲಿ ಪಿಯರ್ ಪಾಲ್ ಗ್ರಾಸೆ ಅನ್ನೋ ಫ್ರೆಂಚ್ ವಿಜ್ಞಾನಿ ಹೇಳಿ ಅದಕ್ಕೆ ಸ್ಟಿಗ್ಮರ್ಜಿ ಅಂತ ಹೆಸರಿಟ್ರು. ಆಳೆತ್ತರದ ಕಟ್ಟಡ, ಅದರ ಪ್ಲಾನ್ ಯಾರ ತಲೇಲೂ ಇಲ್ಲ, ಪ್ಲಾನಿನ ಅರ್ಧ ಮಣ್ಣಲ್ಲೇ ಇದೆ.

ಸ್ಲೈಮ್ ಮೋಲ್ಡ್ ಅಂತ ಒಂದು ಹಳದಿ ಲೋಳೆ ಜೀವಿ ಇದೆ, ಅಂಗೈಯಷ್ಟು ಬೆಳೆದ್ರೂ ಅದು ಒಂದೇ ಕೋಶ. ಟೋಕಿಯೋ ಸುತ್ತಲಿನ ಊರುಗಳ ಜಾಗದಲ್ಲಿ ಓಟ್ಸ್ ಇಟ್ಟು ಅದನ್ನ ಬಿಟ್ರೆ ಅಲ್ಲಿಯ ರೈಲು ಜಾಲಕ್ಕೆ ಹೋಲೋ ಜಾಲ ಕಟ್ತು ಅಂತ 2010ರಲ್ಲಿ ಬಂದ ಸುದ್ದಿ ನೀವೂ ಓದಿರ್ತೀರಿ, ಎಲ್ರೂ ಅದನ್ನೇ ಹೇಳ್ತಾರೆ. ನನಗೆ ಅದಕ್ಕಿಂತ ಇಷ್ಟ ಆಗಿದ್ದು 2012ರ ಕೆಲಸ. ಅದು ಹರಿದು ಹೋದ ಕಡೆ ಲೋಳೆ ಬಿಟ್ಟು ಹೋಗತ್ತೆ, ಆಮೇಲೆ ಲೋಳೆ ಇರೋ ಕಡೆ ಮತ್ತೆ ಹೋಗಲ್ಲ, ಇಲ್ಲಿ ಆಗ್ಲೇ ನೋಡಾಗಿದೆ ಅನ್ನೋ ಗುರುತು ಅದು. ಹಿಂಗಾಗಿ ಇಕ್ಕಟ್ಟಿನ ಬಲೆಯಿಂದನೂ ತಪ್ಪಿಸ್ಕೊಳ್ಳತ್ತೆ. ಪ್ರಯೋಗ ಮಾಡಿದೋರು ತಟ್ಟೆಗೆಲ್ಲಾ ಮೊದ್ಲೇ ಲೋಳೆ ಸವರಿಬಿಟ್ರು. ಕಡತದ ತುಂಬಾ ಯಾರೋ ಗೀಚಿಟ್ಟಂಗೆ ಆಯ್ತಲ್ಲ, ಆಗ ಅದು ದಾರಿ ಸಿಗದೆ ಒದ್ದಾಡ್ತು. ನೋಡಿ ಇಲ್ಲೂ ಅದೇ ಪರೀಕ್ಷೆ, ಮೋಸ ಹೋಗೋಕೆ ಸಾಧ್ಯ ಇದೆ, ಹಂಗಾಗಿ ಅಲ್ಲಿ ಲೆಕ್ಕ ಇದೆ.

ಹಂಗಾದ್ರೆ ಇಡೀ ವಿಶ್ವನೇ ಕಂಪ್ಯೂಟರ್ ಅನ್ನೋರ ಕಥೆ ಏನು ಅಂತ ಕೇಳ್ತೀರಿ. 1969ರಲ್ಲೇ ಜರ್ಮನಿಯ ಕೊನ್ರಾಡ್ ತ್ಸೂಸ ಅದನ್ನ ಹೇಳಿದ್ರು, ಕಂಪ್ಯೂಟರನ್ನ ಮೊದಮೊದಲು ಕಟ್ಟಿದೋರಲ್ಲಿ ಒಬ್ರು ಅವರು. ಮಾರನೇ ವರ್ಷ ಜಾನ್ ಕಾನ್ವೇ ಅವರ ಗೇಮ್ ಆಫ್ ಲೈಫ್ ಬಂತು, ಚೌಕದ ಹಾಳೆ ಮೇಲೆ ಒಂದೊಂದು ಚೌಕ ಹುಟ್ಟೋಕೆ ಒಂದು ನಿಯಮ ಸಾಯೋಕೆ ಒಂದು ನಿಯಮ, ಅಷ್ಟ್ರಲ್ಲೇ ನೌಕೆ ಥರದ ಆಕಾರಗಳು ತೇಲತ್ವೆ, ಬಂದೂಕು ಥರದವು ಗುಂಡು ಹಾರಿಸತ್ವೆ, ಅದ್ರಲ್ಲೇ ಒಂದು ಪೂರ್ತಿ ಕಂಪ್ಯೂಟರ್ ಕಟ್ಟಬಹುದು. ಇಷ್ಟು ಸಣ್ಣ ನಿಯಮದಿಂದ ಅಷ್ಟು ದೊಡ್ಡ ಆಟ ಬರತ್ತೆ ಅನ್ನೋದು ನಿಜಕ್ಕೂ ದೊಡ್ಡ ವಿಷಯ, ನಿಮ್ಮ ಲ್ಯಾಪ್‌ಟಾಪಲ್ಲಿ ನೀವೇ ಬರೆದು ನೋಡಿ, ಐವತ್ತು ಸಾಲು ಕೋಡ್ ಸಾಕು. ಆದ್ರೆ ವಿಶ್ವ ಅದೇ ಥರ ಅಂತ ತೋರಿಸೋ ಪ್ರಯೋಗ ಇಲ್ಲಿತನಕ ಬಂದಿಲ್ಲ. ನನ್ನ ಎರಡನೇ ಪರೀಕ್ಷೆಯಲ್ಲಂತೂ ಅದು ನಿಲ್ಲಲ್ಲ, ವಿಶ್ವ ಲೆಕ್ಕ ತಪ್ತು ಅಂತ ಹೇಳೋಕೆ ಯಾವುದರ ಜೊತೆ ಹೋಲಿಸೋದು?

ಇದರ ಉಲ್ಟಾ ದಿಕ್ಕಿನ ಮಾತು ಮಾತ್ರ ಗಟ್ಟಿಯಾಗಿದೆ. ಪ್ರಕೃತಿ ಲೆಕ್ಕ ಅಲ್ಲದೇ ಇರಬಹುದು, ಲೆಕ್ಕ ಪ್ರಕೃತಿಯಿಂದ ಹೊರಗಿಲ್ಲ. ಕಡತ ಒರೆಸೋ ಮಾತು ಹೇಳಿದ್ನಲ್ಲ, ಹಂಗೆ ಒರೆಸೋದಕ್ಕೆ ಬೆಲೆ ಇದೆ ಅಂತ 1961ರಲ್ಲಿ ಐಬಿಎಂನ ರೋಲ್ಫ್ ಲ್ಯಾಂಡೌರ್ ಹೇಳಿದ್ರು. ಒಂದು ಬಿಟ್, ಅಂದ್ರೆ ಸೊನ್ನೆಯೋ ಒಂದೋ ಅನ್ನೋ ಅಷ್ಟು ಮಾಹಿತಿ ಅಳಿಸಿದ್ರೆ ಇಷ್ಟಾದ್ರೂ ಶಾಖ ಹೊರಗೆ ಬರಲೇಬೇಕು, ಯಂತ್ರ ಎಷ್ಟೇ ಚೆನ್ನಾಗಿರಲಿ ತಪ್ಪಿಸೋಕಾಗಲ್ಲ. ನಮ್ಮ ರೂಮಿನ ಉಷ್ಣಾಂಶದಲ್ಲಿ ಅದು ಎಷ್ಟು ಅಂದ್ರೆ ಒಂದು ಜೂಲನ್ನ ಕೋಟಿ ಕೋಟಿ ಕೋಟಿ ಪಾಲು ಮಾಡಿದ್ರೆ ಅದರಲ್ಲಿ ಸುಮಾರು ಮೂರು ಪಾಲು. ಇಷ್ಟು ಸಣ್ಣದನ್ನ ಅಳೆಯೋದು ಹೇಗೆ, ಐವತ್ತು ವರ್ಷ ಬೇಕಾಯ್ತು, 2012ರಲ್ಲಿ ಲೇಸರ್ ಬೆಳಕಿನ ಎರಡು ಗುಳಿ ಮಾಡಿ ಅದರಲ್ಲಿ ಒಂದು ಅತಿ ಸಣ್ಣ ಗಾಜಿನ ಮಣಿ ಇಟ್ಟು ಅಳೆದ್ರು. ಎರಡು ಗುಳಿ, ಒಂದು ಬೀಜ. ಓದಿದ ದಿನ ನನಗೆ ಅಳಗುಳಿಮಣೆನೇ ಕಣ್ಮುಂದೆ ಬಂತು. ಮರೆಯೋದಕ್ಕೂ ಶಾಖ ಖರ್ಚಾಗತ್ತೆ ಅನ್ನೋದು ನಾನು ಈ ವಿಷಯದಲ್ಲಿ ಕಲ್ತ ಅತಿ ಸುಂದರವಾದ ಸಂಗತಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ, ನನಗನ್ಸತ್ತೆ ಉಳಿದದ್ದೆಲ್ಲಾ ನೀವು ಇದನ್ನ ಕೇಳೋಕೆ ಅಂತ ಕೇಳಿದ್ದು.

ಮೆದುಳಲ್ಲಿ ಸುಮಾರು 8,600 ಕೋಟಿ ನರಕೋಶ ಇವೆ, ಖರ್ಚು ಬರೀ 20 ವ್ಯಾಟ್ ಆಸುಪಾಸು, ಒಂದು ಎಲ್ಇಡಿ ಟ್ಯೂಬ್‌ಲೈಟಿನಷ್ಟು. ನರಕೋಶನ ಹೌದು ಅಲ್ಲ ಅಂತ ಎರಡೇ ಉತ್ತರ ಕೊಡೋ ಕಂಪ್ಯೂಟರ್ ಗೇಟಿನ ಥರ ನೋಡಬಹುದು ಅಂತ 1943ರಲ್ಲಿ ಮೆಕ್ಕಲಕ್ ಮತ್ತೆ ಪಿಟ್ಸ್ ಬರೆದ್ರು, ಮೆದುಳು ಕಂಪ್ಯೂಟರ್ ಅನ್ನೋ ಮಾತಿಗೆ ಅಲ್ಲೇ ಬಲ ಬಂದಿದ್ದು. ಗೇಟಿನ ಹೋಲಿಕೆ ತುಂಬಾ ಒರಟು, ಅದನ್ನ ಬಿಡಿ. ಆದ್ರೆ ಒಂದರ ಪರವಾಗಿ ಇನ್ನೊಂದು ನಿಲ್ಲೋದು ಮೆದುಳಲ್ಲಿ ಖಂಡಿತ ಇದೆ. ಇಲಿ ರೂಮಿನ ಒಂದು ಜಾಗಕ್ಕೆ ಬಂದಾಗ ಮಾತ್ರ ಮಿಡಿಯೋ ಕೋಶನ ಜಾನ್ ಓ'ಕೀಫ್ 1971ರಲ್ಲಿ ಕಂಡ್ರು, ಇಲಿ ನಿದ್ದೆ ಮಾಡುವಾಗ ಹಗಲು ಒಟ್ಟಿಗೆ ಮಿಡಿದ ಕೋಶಗಳು ಮತ್ತೆ ಒಟ್ಟಿಗೆ ಮಿಡಿಯತ್ವೆ ಅಂತ ಆಮೇಲೆ ಗೊತ್ತಾಯ್ತು. ಮಲಗಿರೋ ಇಲಿ ಎಲ್ಲೂ ಓಡ್ತಿಲ್ಲ, ಅದರ ತಲೆಯೊಳಗೆ ದಾರಿಯ ಪರವಾಗಿ ನಿಂತ ಏನೋ ಓಡ್ತಿದೆ.

ಭಾವನೆಗೆ ಹತ್ತಿರದ್ದು ಅಂದ್ರೆ ಡೋಪಮಿನ್ ಅನ್ನೋ ಮೆದುಳಿನ ರಾಸಾಯನಿಕ. ವೋಲ್ಫ್ರಾಮ್ ಶುಲ್ಟ್ಸ್ ಮಂಗಗಳ ಮೇಲೆ ಮಾಡಿದ ಕೆಲಸ ಇದು. ಮಂಗಕ್ಕೆ ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ರೆ ಡೋಪಮಿನ್ ಕೋಶಗಳು ಜೋರಾಗಿ ಮಿಡಿಯತ್ವೆ. ದೀಪ ಹತ್ತಿದ ಮೇಲೆ ರಸ ಬರತ್ತೆ ಅಂತ ಕಲ್ತ ಮೇಲೆ ಮಿಡಿತ ದೀಪದ ಹೊತ್ತಿಗೇ ಬಂದುಬಿಡತ್ತೆ, ರಸ ಬಂದಾಗ ಏನೂ ಇಲ್ಲ. ದೀಪ ಹತ್ತಿ ರಸ ಬರದೇ ಹೋದ್ರೆ? ರಸ ಬರಬೇಕಾಗಿದ್ದ ಸರಿಯಾದ ಆ ಹೊತ್ತಿಗೆ ಕೋಶಗಳ ಮಿಡಿತ ತಗ್ಗಿಬಿಡತ್ತೆ. ಅಲ್ಲಿ ಏನೂ ಆಗಿಲ್ಲ, ಶಬ್ದ ಇಲ್ಲ ಬೆಳಕಿಲ್ಲ, ಆಗದೇ ಇದ್ದದ್ದಕ್ಕೆ ಮೆದುಳು ಉತ್ತರ ಕೊಡ್ತಿದೆ. ಅಂದ್ಕೊಂಡಿದ್ದಕ್ಕೂ ಆಗಿದ್ದಕ್ಕೂ ಇರೋ ವ್ಯತ್ಯಾಸ ಲೆಕ್ಕ ಹಾಕಿ ಕಲಿಯೋ ಒಂದು ವಿಧಾನ ಮಷೀನ್ ಲರ್ನಿಂಗ್‌ನೋರ ಹತ್ರ ಆಗ್ಲೇ ಇತ್ತು, ಎರಡೂ ಒಂದಕ್ಕೊಂದು ಹೊಂದತ್ವೆ ಅಂತ 1997ರಲ್ಲಿ ಶುಲ್ಟ್ಸ್, ದಯಾನ್, ಮಾಂಟೆಗ್ಯೂ ಬರೆದ್ರು.

ನಮ್ಮಪ್ಪ ತೀರ್ಕೊಂಡ ಮೇಲೆ ಅಮ್ಮ ಎಷ್ಟೋ ತಿಂಗಳು ರಾತ್ರಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಮೊದ್ಲಿನ ಅಳತೆನೇ ಪಾತ್ರೆಗೆ ಹಾಕ್ತಿದ್ರು, ಆಮೇಲೆ ಒಂದು ಕ್ಷಣ ನಿಂತು ಒಂದು ಹಿಡಿ ವಾಪಸ್ ಡಬ್ಬಕ್ಕೆ ಹಾಕ್ತಿದ್ರು. ನಾನು ಎಷ್ಟೋ ಸಲ ನೋಡಿದೀನಿ, ಏನೂ ಮಾತಾಡ್ತಿರಲಿಲ್ಲ ಅವರು. ನಲವತ್ತು ವರ್ಷ ಕೈ ಕಲ್ತ ಲೆಕ್ಕ ಅದು, ಮನೇಲಿ ಎಷ್ಟು ಜನ ಅನ್ನೋದರ ಪರವಾಗಿ ಆ ಕೈಯಲ್ಲಿ ಒಂದು ಅಳತೆ ನಿಂತಿತ್ತು, ಅದು ಈಗ ತಪ್ಪಾಗಿತ್ತು. ಶುಲ್ಟ್ಸ್ ಅವರ ಗ್ರಾಫಲ್ಲಿ ಆ ತಗ್ಗು ಕಂಡಾಗೆಲ್ಲಾ ನನಗೆ ಆ ಒಂದು ಹಿಡಿ ಅಕ್ಕಿ ನೆನಪಾಗತ್ತೆ. ಇಲ್ಲಿ ಲೆಕ್ಕ ಇದೆಯಾ ಅಂದ್ರೆ ಇದೆ, ನಾನು ಇಲ್ಲ ಅನ್ನಲ್ಲ. ಆದ್ರೆ ಬರೀ ಲೆಕ್ಕಾನಾ ಅನ್ನೋ ನಿಮ್ಮ ಮಾತಲ್ಲಿ ಬರೀ ಅನ್ನೋ ಪದ ಇದ್ಯಲ್ಲ, ಅದು ಎಲ್ಲಿಂದ ಬಂತು? ನಲವತ್ತು ವರ್ಷದ ಸಂಸಾರ ಕೈಯೊಳಗೆ ಇಷ್ಟು ಆಳವಾಗಿ ಬರೆದಿಟ್ಟಿತ್ತು ಅಂತ ಗೊತ್ತಾದ್ರೆ ಆ ದುಃಖ ಸಣ್ಣದಾಗಲ್ಲ, ನನಗಂತೂ ದೊಡ್ಡದಾಗೇ ಕಂಡಿದ್ದು.

ಇನ್ನೊಂದು ವಿಷಯನೂ ಇದೆ. ಆ ಲೆಕ್ಕ ತಪ್ಪಿದಾಗ ಆದ ನೋವು, ಎದೆ ಹಿಂಡಿದಂಗೆ ಆಗೋದು, ಅದು ಹುಣಸೆ ಬೀಜದ ಜಾತಿನಾ ಅಕ್ಕಿ ಜಾತಿನಾ? ಬೀಜದ ಜಾತಿ ಆದ್ರೆ ಕಂಪ್ಯೂಟರ್ ಚಿಪ್ಪಲ್ಲಿ ಅದೇ ಲೆಕ್ಕ ನಡೆಸಿದ್ರೆ ಚಿಪ್ಪಿಗೂ ನೋವಾಗಬೇಕು. ಅಕ್ಕಿ ಜಾತಿ ಆದ್ರೆ ಪ್ರತ್ಯೂಷ್ ಒಳಗಿನ ಮಳೆ ಥರ, ಲೆಕ್ಕ ಪೂರ್ತಿ ಸರಿ ಇದ್ರೂ ಯಾರೂ ಒದ್ದೆ ಆಗಲ್ಲ. ಅಮೆರಿಕದ ತತ್ವಜ್ಞಾನಿ ಜಾನ್ ಸರ್ಲ್ 1980ರಿಂದ ಎರಡನೇದನ್ನೇ ವಾದ ಮಾಡಿದ್ರು, ಅವರಿಗೆ ಎದುರು ಹೇಳೋರೂ ಅಷ್ಟೇ ಬಲವಾಗಿದಾರೆ, ಜಗಳ ಇವತ್ತಿಗೂ ಮುಗಿದಿಲ್ಲ. ನನ್ನ ಒಲವು ಕೇಳಿದ್ರೆ ದಾರಿ ಹುಡುಕೋದು, ನೆನಪಿಡೋದು, ನಿರೀಕ್ಷೆ ಮಾಡೋದು ಇವೆಲ್ಲಾ ಬೀಜದ ಜಾತಿ, ಹಸಿವು ನೋವು ಇವು ಅಕ್ಕಿ ಜಾತಿ ಕಡೆಗಿವೆ, ಯಾಕಂದ್ರೆ ಅವು ಈ ದೇಹ ಉಳಿಯಬೇಕು ಅನ್ನೋದಕ್ಕೆ ಅಂಟ್ಕೊಂಡೇ ಇರೋ ಸಂಗತಿಗಳು. ನೀವು ಬೇರೆ ಥರ ಯೋಚಿಸಿದ್ರೂ ನನಗೆ ತಕರಾರಿಲ್ಲ, ಬರೀ ವೀಡಿಯೋ ನೋಡಿ ತೀರ್ಮಾನ ಮಾಡ್ಬೇಡಿ ಅಷ್ಟೇ.

ಪ್ರಯೋಗ ಕೇಳಿದ್ರಲ್ಲ. ಅಡುಗೆ ಮನೆ ಕಟ್ಟೆ ಮೇಲೆ ಅಥವಾ ಅಂಗಳದಲ್ಲಿ ಸ್ವಲ್ಪ ಬೆಲ್ಲದ ಪುಡಿ ಇಡಿ, ಇರುವೆ ಸಾಲು ಚೆನ್ನಾಗಿ ಕಟ್ಟೋತನಕ ಕಾಯಿರಿ, ಅರ್ಧ ಗಂಟೆ ಒಂದು ಗಂಟೆ ಆಗಬಹುದು. ಆಮೇಲೆ ಇರುವೆಗಳಿಗೆ ತಾಗದಂಗೆ, ಸಾಲಲ್ಲಿ ಜಾಗ ಖಾಲಿ ಸಿಕ್ಕಾಗ ನೋಡ್ಕೊಂಡು, ಮಧ್ಯದಲ್ಲಿ ಒಂದೆರಡು ಬೆರಳಗಲ ಮಾತ್ರ ಸೋಪು ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗೋಕೆ ಬಿಡಿ. ಬೆಲ್ಲ ಅಲ್ಲೇ ಇದೆ, ಗೂಡು ಅಲ್ಲೇ ಇದೆ, ಇರುವೆಗಳೂ ಅವೇ, ನೀವು ಅಳಿಸಿದ್ದು ಬರೆದಿಟ್ಟಿದ್ದನ್ನ ಮಾತ್ರ. ಎರಡೂ ಕಡೆಯಿಂದ ಬಂದವು ಆ ಗೆರೆ ಹತ್ರ ನಿಂತು ಮೀಸೆ ಆಡಿಸ್ತಾ ಅತ್ತಿತ್ತ ಸುತ್ತತ್ವೆ. ಯಾವುದೋ ಒಂದು ದಾಟತ್ತೆ, ಆಮೇಲೆ ಇನ್ನೊಂದು. ಗಡಿಯಾರ ಇಟ್ಕೊಂಡು ಸಾಲು ಮತ್ತೆ ಕೂಡೋಕೆ ಎಷ್ಟು ನಿಮಿಷ ಆಯ್ತು ಬರ್ಕೊಳ್ಳಿ. ಮಾರನೇ ದಿನ ಒರೆಸೋ ಅಗಲ ಎರಡರಷ್ಟು ಮಾಡಿ, ಮತ್ತೆ ಬರ್ಕೊಳ್ಳಿ. ಅಗಲ ಎರಡರಷ್ಟಾದ್ರೆ ಸಮಯನೂ ಎರಡರಷ್ಟೇ ಆಗತ್ತಾ, ಇಲ್ಲಾ ಅದಕ್ಕಿಂತ ಜಾಸ್ತಿನಾ? ಏಳೆಂಟು ಸಲ ಮಾಡಿದ ಮೇಲೆ ಅಂಕಿ ಕಳಿಸಿ, ಜೊತೆಗೆ ಕೂತು ನೋಡೋಣ.